ಓದುಗರ ಪ್ರಶ್ನೆ–ಉತ್ತರ: ಊರಿನಲ್ಲೊಂದು ಕಥೆ–ಕವಿತೆಯ ಸಂಜೆ

ಕವಿತೆ ಓದುವ, ಕಥೆ ಹೇಳುವ ಕೂಟಗಳನ್ನು ತಮ್ಮ ಊರಿನಲ್ಲಿ ನಡೆಸುತ್ತಿರುವ ಅಥವಾ ಆರಂಭಿಸಬೇಕೆಂದಿರುವ ಓದುಗರು ಮೈಸೂರು, ಮಂಡ್ಯ ಜಿಲ್ಲೆಗಳಿಂದ ಹಲವು ಪತ್ರಗಳನ್ನು ಬರೆದಿದ್ದಾರೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಹೆಸರು ಪ್ರಕಟಿಸುವುದು ಬೇಡವೆಂದು ಹೆಚ್ಚಿನವರು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಡಲಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನದಲ್ಲಿ ಪ್ರತಿ ತಿಂಗಳೂ ಕವಿಗೋಷ್ಠಿ ನಡೆಸುತ್ತೇವೆ. ಇಪ್ಪತ್ತೈದು–ಮೂವತ್ತು ಕವಿಗಳು ಹೆಸರು ಕೊಡುತ್ತಾರೆ. ಆದರೆ ತಮ್ಮ ಕವಿತೆ ಓದಿದ ಕೂಡಲೇ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಕೊನೆಯ ಕವಿ ಓದುವ ಹೊತ್ತಿಗೆ ಅಧ್ಯಕ್ಷರು, ನಿರೂಪಕರು ಮತ್ತು ಮೈಕಿನವರು ಮಾತ್ರ ಉಳಿದಿರುತ್ತಾರೆ. ಅಕ್ಕಪಕ್ಕದ ಮನೆಯವರಂತೂ ಬರುವುದೇ ಇಲ್ಲ. ಏನು ಮಾಡಬೇಕು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ದೊಡ್ಡ ಸಮ್ಮೇಳನಗಳಿಂದ ಹಿಡಿದು ಗಣೇಶನ ಪೆಂಡಾಲಿನವರೆಗೆ ಎಲ್ಲ ಕಡೆಯೂ ಈ ತೊಂದರೆ ಇದೆ. ಕವಿಗಳಿಗೆ ಸೌಜನ್ಯವಿಲ್ಲವೆಂದು ಬೇಸರಪಟ್ಟುಕೊಂಡರೆ ಅದು ಪರಿಹಾರವಾಗುವುದಿಲ್ಲ. ಕವಿಗೋಷ್ಠಿಯ ಈಗಿನ ರೂಪದಲ್ಲಿ ಕೇಳುವವರಿಗೆ ಯಾವ ಕೆಲಸವನ್ನೂ ಕೊಟ್ಟಿಲ್ಲ ಎಂಬುದೇ ಮೂಲ ಕಾರಣವೆಂದು ನನಗೆ ತೋರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು, ಆಶಯ ನುಡಿಯವರು, ಮುಖ್ಯ ಅತಿಥಿಗಳು, ಅಧ್ಯಕ್ಷರು, ಕವಿಗಳು, ವಂದನಾರ್ಪಣೆ ಮಾಡುವವರು ಎಲ್ಲರೂ ಇರುತ್ತಾರೆ. ಕೇಳುಗರ ಪಾಲಿಗೆ ಕೊನೆಯ ಸಾಲಿನ ಆದರದ ಸ್ವಾಗತವಷ್ಟೇ ಉಳಿಯುತ್ತದೆ. ತನಗೆ ಅಲ್ಲಿ ಏನೂ ಕೆಲಸವಿಲ್ಲವೆಂದು ತಿಳಿದ ನೆರೆಮನೆಯವರು ಯಾಕೆ ಬರಬೇಕು? ತನ್ನ ಸರದಿ ಮುಗಿದ ಕವಿ ಯಾಕೆ ಕೂರಬೇಕು?

ನಮ್ಮ ಭಾಗದ ಹಳೆಯ ಕಲೆಗಳು ಈ ವಿಷಯದಲ್ಲಿ ಬಹಳ ಎಚ್ಚರ ವಹಿಸಿವೆ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೋ ಲಕ್ಷ್ಮೀಶನ ವಾರ್ಧಕ ಷಟ್ಪದಿಯನ್ನೋ ರಾಗವಾಗಿ ವಾಚಿಸಿದರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವ್ಯಾಖ್ಯಾನಕಾರರನ್ನು ನಾನು ಸಭೆಯ ಮೊದಲ ಕೇಳುಗರೆಂದೇ ಭಾವಿಸುತ್ತೇನೆ, ಏಕೆಂದರೆ ಕಾವ್ಯವನ್ನು ಕೇಳಿ, ತಮ್ಮೊಳಗೆ ಇಳಿಸಿಕೊಂಡು, ಉಳಿದವರಿಗೆ ದಾಟಿಸುವುದು ಅವರ ಕೆಲಸ. ಜಾನಪದ ಸಂತ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ತಂಬೂರಿ ಕಥೆಯಲ್ಲಿ ಮುಖ್ಯ ಗಾಯಕರು ಹಾಡಿದ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಹರಿಕಥೆಯ ದಾಸರು ನಡುನಡುವೆ ಇಡೀ ಸಭೆಯಿಂದ ನಾಮಸ್ಮರಣೆ ಹೇಳಿಸುತ್ತಾರೆ. ಉರ್ದು ಕವಿಗೋಷ್ಠಿಯಾದ ಮುಷಾಯಿರಾದಲ್ಲಿ ಒಳ್ಳೆಯ ಸಾಲು ಬಂದರೆ ಸಭಿಕರು ಅದನ್ನು ಮತ್ತೊಮ್ಮೆ ಹೇಳಿಸಿಯೇ ಬಿಡುತ್ತಾರೆ. ಇಷ್ಟೆಲ್ಲ ಯಾಕೆ, ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹ್ಞೂಂಗುಟ್ಟುವುದನ್ನು ನಿಲ್ಲಿಸಿದರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಆದ್ದರಿಂದ ನಿಮ್ಮ ಗೋಷ್ಠಿಯನ್ನು ಕೇಳುಗರ ಕಡೆಯಿಂದ ಮತ್ತೆ ಕಟ್ಟಿ ಎಂದು ಕೋರುತ್ತೇನೆ. ಮೊದಲು ಓದುವವರ ಸಂಖ್ಯೆಯನ್ನು ಎಂಟಕ್ಕೆ ಇಳಿಸಿ. ಈ ತಿಂಗಳು ಕೊನೆಯವರೆಗೆ ಕೂತು ಕೇಳಿದವರಿಗೆ ಮಾತ್ರ ಮುಂದಿನ ತಿಂಗಳು ಓದುವ ಅವಕಾಶವೆಂದು ಮೊದಲೇ ತಿಳಿಸಿ, ಯಾರ ಮುಲಾಜಿಗೂ ಒಳಗಾಗದೆ ಅದನ್ನು ಪಾಲಿಸಿ. ಓದುವ ಕ್ರಮವನ್ನು ಚೀಟಿ ಎತ್ತಿ ಅಲ್ಲಲ್ಲೇ ನಿರ್ಧರಿಸಿದರೆ ತನ್ನ ಸರದಿ ಯಾವಾಗ ಬರುವುದೋ ತಿಳಿಯದೆ ಎಲ್ಲರೂ ಕೂತಿರುತ್ತಾರೆ, ಜೊತೆಗೆ ಹಿರಿಯರಿಗೆ ಮೊದಲ ಸ್ಥಾನ, ಕಿರಿಯರಿಗೆ ಕೊನೆಯ ಸ್ಥಾನ ಎಂಬ ಲೆಕ್ಕವೂ ಇಲ್ಲವಾಗುತ್ತದೆ. ವೇದಿಕೆ ಬೇಡ, ಜಮಖಾನ ಹಾಸಿ ಅರ್ಧ ವೃತ್ತದಲ್ಲಿ ಕೂರಿಸಿ, ಮಂಡಿನೋವಿನ ಹಿರಿಯರಿಗೆ ಅದೇ ಸಾಲಿನಲ್ಲಿ ಕುರ್ಚಿ ಹಾಕಿ. ಹಾರ, ಶಾಲು, ಪೇಟಗಳನ್ನು ಪೂರ್ತಿಯಾಗಿ ಕೈಬಿಡಿ, ಏಕೆಂದರೆ ಒಂದೂವರೆ ಗಂಟೆಯ ಸಭೆಯಲ್ಲಿ ಸನ್ಮಾನವೇ ಮುಕ್ಕಾಲು ಗಂಟೆ ತಿಂದುಹಾಕುವುದನ್ನು ನಾವೆಲ್ಲ ನೋಡಿದ್ದೇವೆ.

ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಏರ್ಪಾಡಿದೆ. ಪ್ರತಿ ಕವಿತೆಯ ನಂತರ ಒಬ್ಬ ಕೇಳುಗರು ತಮ್ಮ ಮನಸ್ಸಿನಲ್ಲಿ ನಿಂತ ಒಂದು ಸಾಲನ್ನು ಮರಳಿ ಹೇಳಲಿ. ವಿಮರ್ಶೆ ಬೇಡ, ಹೊಗಳಿಕೆಯೂ ಬೇಡ. ಕೇಳಿದ ಸಾಲು ಅಥವಾ ಅದು ನೆನಪಿಸಿದ ಒಂದು ಸಂಗತಿ ಸಾಕು. ಮೂಲೆಮನೆಯ ಹೂವಿನ ವ್ಯಾಪಾರಿಯೊಬ್ಬರು ಉಪನ್ಯಾಸಕರೊಬ್ಬರ ಕವಿತೆಯ ಸಾಲನ್ನು ತಮ್ಮ ಬಾಯಲ್ಲಿ ಹೇಳಿದ ಸಂಜೆಯಿಂದ ಅವರಿಬ್ಬರೂ ದಾರಿಯಲ್ಲಿ ಎದುರಾದಾಗ ನಿಂತು ಮಾತನಾಡುತ್ತಾರೆ. ನೆರೆಹೊರೆ ಕೂಡಿಬರುವುದು ಇಂತಹ ಗಳಿಗೆಯಲ್ಲಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ, ಮತ್ತು ಕವಿತೆಗಳ ಗುಣಮಟ್ಟ ಸುಧಾರಿಸುವುದೂ ಇದರಿಂದಲೇ. ಯಾವ ಸಾಲು ಯಾರ ಮನಸ್ಸಿಗೂ ಅಂಟಲಿಲ್ಲ ಎಂಬುದು ಕವಿಗೆ ಯಾರೂ ಹೇಳದೆಯೇ ತಿಳಿದುಬಿಡುತ್ತದೆ.

ಪ್ರಶ್ನೆ: ಬೆಂಗಳೂರಿನ ಗೆಳತಿಯರು ‘ಪೊಯೆಟ್ರಿ ಸ್ಲ್ಯಾಮ್’ ಎಂಬ ಸ್ಪರ್ಧೆಗಳಿಗೆ ಹೋಗುತ್ತಾರೆ. ಅದನ್ನು ಮಂಡ್ಯದಲ್ಲಿ ಕನ್ನಡದಲ್ಲಿ ಮಾಡಬಹುದೇ? ನಾನೂ ಬರೆಯುತ್ತೇನೆ, ಆದರೆ ‘ಒಸಿ ಬುಡು’, ‘ಬತ್ತೀನಿ ಕನ’ ಎನ್ನುವ ನಮ್ಮ ಮಾತು ಕೇಳಿದರೆ ಕಾಲೇಜಿನಲ್ಲಿಯೇ ಕೆಲವರು ನಗುತ್ತಾರೆ. ವೇದಿಕೆಗೆ ಬಂದಾಗ ಶುದ್ಧ ಕನ್ನಡದಲ್ಲಿಯೇ ಹೇಳಬೇಕೇ?
— ಪದವಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಸ್ಲ್ಯಾಮ್ ಎಂಬ ಪದ್ಧತಿ ಹುಟ್ಟಿದ್ದು ಅಮೆರಿಕದ ಶಿಕಾಗೊ ನಗರದಲ್ಲಿ. ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿ 1980ರ ದಶಕದ ನಡುವಿನಲ್ಲಿ ಇದನ್ನು ರೂಪಿಸಿದರು, ಮತ್ತು 1986ರಿಂದ ಗ್ರೀನ್ ಮಿಲ್ ಎಂಬ ಜಾಗದಲ್ಲಿ ಭಾನುವಾರಗಳಂದು ಇದು ನಡೆಯತೊಡಗಿತು. ಅಲ್ಲಿನ ಕವಿತಾ ವಾಚನಗಳು ಪಂಡಿತರ ಮಟ್ಟಕ್ಕೇ ಸೀಮಿತವಾಗಿ ಸಾಮಾನ್ಯರನ್ನು ದೂರವಿಟ್ಟಿವೆ ಎಂಬ ಅಸಮಾಧಾನ ಅದರ ಹಿಂದಿತ್ತು. ರೂಢಿಯಲ್ಲಿರುವ ನಿಯಮ ಸರಳವಾಗಿದೆ: ಸ್ವಂತ ಕವಿತೆ, ಸುಮಾರು 3 ನಿಮಿಷ, ವೇಷಭೂಷಣ ಮತ್ತು ವಾದ್ಯಗಳಿಲ್ಲ, ಸಭಿಕರ ನಡುವಿನಿಂದಲೇ ಆರಿಸಿದ 5 ಮಂದಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ, ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಗಳನ್ನು ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ತೀರ್ಪುಗಾರರು ಸಾಹಿತ್ಯ ಬಲ್ಲವರಾಗಿರಬೇಕೆಂಬ ಷರತ್ತು ಇಲ್ಲದಿರುವುದೇ ಇದರ ಜೀವಾಳ, ಏಕೆಂದರೆ ಅಂಕದ ನೆಪದಲ್ಲಿ ಕೇಳುಗರು ಮೈಯೆಲ್ಲ ಕಿವಿಯಾಗುತ್ತಾರೆ.

ಮಂಡ್ಯದಲ್ಲಿ ಖಂಡಿತ ಮಾಡಬಹುದು. ಆದರೆ ಮೊದಲ ವರ್ಷ ಅಂಕಗಳನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಕಾಲೇಜುಗಳಲ್ಲಿ ಸ್ಪರ್ಧೆಗಳಿಗೆ ಈಗಾಗಲೇ ಬರವಿಲ್ಲ. ಮೊದಲ ಬಾರಿಗೆ ಬಾಯಿಬಿಟ್ಟ ಹುಡುಗಿಗೆ ನಾಲ್ಕು ಅಂಕ ಬಂದರೆ ಅವಳು ಎರಡನೆಯ ಬಾರಿ ಬರುವುದಿಲ್ಲ. ಮೂರು ನಿಮಿಷದ ಮಿತಿ ಮತ್ತು ಕಾಗದ ನೋಡದೆ ಹೇಳುವ ಅಭ್ಯಾಸ, ಇವೆರಡನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಿ. ಕಾಗದ ಬಿಟ್ಟ ಕೂಡಲೇ ಕಣ್ಣು ಮೇಲೆ ಬರುತ್ತದೆ, ಕಣ್ಣು ಮೇಲೆ ಬಂದ ಕೂಡಲೇ ಎದುರಿಗೆ ಕೂತವರು ತಮ್ಮೊಡನೆಯೇ ಮಾತನಾಡುತ್ತಿದ್ದಾರೆಂದು ತಿಳಿಯುತ್ತಾರೆ.

ಇನ್ನು ನಿಮ್ಮ ಮಾತಿನ ವಿಷಯ. ಅಮ್ಮಾ, ಆ ನಗುವಿಗೆ ದಯವಿಟ್ಟು ಸೋಲಬೇಡಿ. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಲೆ ಮಹದೇಶ್ವರರ ಮಹಾಕಾವ್ಯಗಳು ನಿಮ್ಮ ಈ ಸೀಮೆಯ ಆಡುಮಾತಿನಲ್ಲಿಯೇ ತಲೆಮಾರುಗಳಿಂದ ಹರಿದುಬಂದಿವೆ. ಅಕ್ಷರ ಕಲಿಯದ ಗಾಯಕರು ರಾತ್ರಿಗಟ್ಟಲೆ ಹಾಡಿದ ಆ ಕಾವ್ಯಗಳನ್ನು ವಿದ್ವಾಂಸರು ಸಂಗ್ರಹಿಸಿ ಸಂಪುಟಗಳಾಗಿ ಪ್ರಕಟಿಸಿದ್ದಾರೆ, ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿ ಕಲಿಸುತ್ತಾರೆ. ಅಷ್ಟು ದೊಡ್ಡ ಕಥೆಯನ್ನು ಹೊತ್ತ ಮಾತು ನಿಮ್ಮ ಮೂರು ನಿಮಿಷದ ಕವಿತೆಯನ್ನು ಹೊರಲಾರದೇ? ನೀವು ಮನೆಯಲ್ಲಿ ಅವ್ವನ ಹತ್ತಿರ ಸಿಟ್ಟಾಗುವಾಗ, ದುಃಖ ಹೇಳಿಕೊಳ್ಳುವಾಗ ಯಾವ ಮಾತು ಬರುತ್ತದೆಯೋ ಅದರಲ್ಲಿ ಬರೆದ ಕವಿತೆಗೆ ಆ ಸಿಟ್ಟು, ಆ ದುಃಖ ತಾನಾಗಿ ಬರುತ್ತದೆ. ಆದರೆ ನಗಿಸುವುದಕ್ಕಾಗಿ ಆ ಮಾತನ್ನು ಉಬ್ಬಿಸಿ ಹೇಳಬೇಡಿ. ಸಿನಿಮಾ ಮತ್ತು ಹಾಸ್ಯದ ಕಾರ್ಯಕ್ರಮಗಳು ಮಂಡ್ಯದ ಕನ್ನಡವನ್ನು ಬಹಳ ಕಾಲ ಹಾಗೆ ಬಳಸಿಕೊಂಡಿವೆ, ಅದನ್ನು ಗಂಭೀರವಾದ ಮಾತಿಗೆ ಮರಳಿ ಬಳಸುವ ಕೆಲಸ ನಿಮ್ಮ ವಯಸ್ಸಿನವರಿಂದ ಆಗಬೇಕಾಗಿದೆ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಊರಿನವರನ್ನು ಸೇರಿಸಿ ತಿಂಗಳಿಗೊಮ್ಮೆ ಕಥೆ ಹೇಳುವ ಸಂಜೆ ಏರ್ಪಡಿಸಬೇಕೆಂಬ ಆಸೆ ಇದೆ. ಅರಳಿಕಟ್ಟೆಯಲ್ಲಿ ಮಾಡೋಣವೆಂದು ಕೆಲವರು ಹೇಳುತ್ತಾರೆ. ಜನ ಬರುತ್ತಾರೆಯೇ, ಯಾವ ಹೊತ್ತು ಸರಿ ಎಂಬುದೇ ತಿಳಿಯುತ್ತಿಲ್ಲ.
— ಗ್ರಂಥಾಲಯದ ಮೇಲ್ವಿಚಾರಕರು, ಮಳವಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಮಂಟೇಸ್ವಾಮಿ ಪರಂಪರೆಯ ಮಠವಿರುವ ಬೊಪ್ಪೇಗೌಡನಪುರ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ. ಕಥೆ ಕೇಳುವುದಕ್ಕಾಗಿ ರಾತ್ರಿಯೆಲ್ಲ ಕೂರುವುದು ನಿಮ್ಮ ಸೀಮೆಯ ಜನರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಜಾಗದ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಯಾರು ಬರುತ್ತಾರೆಂಬುದನ್ನು ಹೆಚ್ಚಿನ ಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ಅರಳಿಕಟ್ಟೆ ನೋಡಲು ಸೊಗಸಾದ ಜಾಗ. ಆದರೆ ಅನೇಕ ಊರುಗಳಲ್ಲಿ ಅಲ್ಲಿ ಕೂರುವವರು ಗಂಡಸರು ಮಾತ್ರ. ಕಟ್ಟೆಯ ಮುಂದೆ ಹಾದುಹೋಗುವಾಗಲೇ ಹೆಣ್ಣುಮಕ್ಕಳು ಹೆಜ್ಜೆ ಚುರುಕುಗೊಳಿಸುತ್ತಾರೆ. ಕಟ್ಟೆಯೋ ದೇವಸ್ಥಾನದ ಜಗಲಿಯೋ ಎಲ್ಲ ಕೇರಿಯವರೂ ಸಂಕೋಚವಿಲ್ಲದೆ, ಸಮಾನವಾಗಿ ಬಂದು ಕೂರುವ ಜಾಗ ಹೌದೇ ಎಂಬ ಪ್ರಶ್ನೆಯನ್ನು ನಿಮ್ಮ ಊರಿಗೆ ನೀವೇ ಹಾಕಿಕೊಳ್ಳಬೇಕು, ಮತ್ತು ಉತ್ತರದಲ್ಲಿ ಸ್ವಲ್ಪ ಅನುಮಾನ ಬಂದರೂ ಆ ಜಾಗವನ್ನು ಬಿಡಬೇಕು. ಈಗ ಅರಿವು ಕೇಂದ್ರವೆಂದು ಕರೆಯುವ ನಿಮ್ಮ ಗ್ರಂಥಾಲಯವೇ ಅಥವಾ ಸರ್ಕಾರಿ ಶಾಲೆಯ ಅಂಗಳವೇ ಒಳ್ಳೆಯದು. ಅಲ್ಲಿಗೆ ಎಲ್ಲ ಮನೆಯ ಮಕ್ಕಳೂ ಹೋಗಿ ಬರುತ್ತಾರೆ, ಮಕ್ಕಳ ಹಿಂದೆ ತಾಯಂದಿರು ಬರಲು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಸಾಧ್ಯವಾದರೆ ಒಂದು ತಿಂಗಳು ಒಂದು ಕೇರಿಯಲ್ಲಿ, ಮುಂದಿನ ತಿಂಗಳು ಇನ್ನೊಂದು ಕೇರಿಯಲ್ಲಿ ಕೂಟವನ್ನು ನಡೆಸಿ. ಒಂದು ಕೇರಿಯವರು ಇನ್ನೊಂದು ಕೇರಿಗೆ ಹೋಗಿ, ಅಲ್ಲಿ ಹಾಸಿದ ಚಾಪೆಯ ಮೇಲೆ ಕೂತು, ಅಲ್ಲಿಯ ಅಜ್ಜಿಯ ಕಥೆ ಕೇಳಿ, ಅಲ್ಲಿಯ ಟೀ ಕುಡಿದು ಬರುವುದಾದರೆ ನೀವು ಮಾಡಿದ್ದು ದೊಡ್ಡ ಕೆಲಸ. ಮೊದಲ ದಿನವೇ ಎಲ್ಲರೂ ಬರುವುದಿಲ್ಲ. ಬಾರದವರ ಮೇಲೆ ಕೋಪ ಮಾಡಿಕೊಳ್ಳದೆ, ಬಂದವರಿಗೆ ಕಡಿಮೆ ಮಾಡದೆ ನಡೆಸಿ.

ಹೊತ್ತನ್ನು ಗಡಿಯಾರಕ್ಕಿಂತ ಊರಿನ ದಿನಚರಿ ನೋಡಿ ಇಟ್ಟುಕೊಳ್ಳಿ. ಸಂಜೆ ಡೇರಿಗೆ ಹಾಲು ಹಾಕಿ ಮುಗಿಯುವವರೆಗೆ ಯಾರೂ ಬರಲಾರರು, ಟಿ.ವಿ. ಧಾರಾವಾಹಿಗಳ ಹೊತ್ತಿನೊಡನೆ ಪೈಪೋಟಿಯೂ ಬೇಡ. ಡೇರಿ ಮುಗಿದ ಮೇಲಿನ ಒಂದು ಗಂಟೆ, ಅದೂ ಭಾನುವಾರ, ಹೆಚ್ಚಿನ ಊರುಗಳಿಗೆ ಹೊಂದುತ್ತದೆ. ನಾಲೆಗೆ ನೀರು ಬಿಟ್ಟು ನಾಟಿ ಆರಂಭವಾದಾಗ ಮತ್ತು ಭತ್ತದ ಕೊಯ್ಲಿನ ದಿನಗಳಲ್ಲಿ ಕೂಟವನ್ನು ನಿಲ್ಲಿಸಿಬಿಡಿ. ನಿಲ್ಲಿಸಿದೆವೆಂಬ ಕೊರಗು ಬೇಡ. ನಮ್ಮ ಜಾತ್ರೆಗಳೂ ಸುಗ್ಗಿಯ ಲೆಕ್ಕವನ್ನು ನೋಡಿಕೊಂಡೇ ಬಂದಿವೆ. ಸಂಕ್ರಾಂತಿಯ ನಂತರದ ತಿಂಗಳುಗಳು ನಿಮ್ಮ ಪಾಲಿನ ಬಿಡುವಿನ ಕಾಲ. ಊರಿನ ಸುತ್ತ ಆಲೆಮನೆಗಳಿದ್ದರೆ ಒಂದು ಕೂಟವನ್ನು ಅಲ್ಲಿಯೇ ನಡೆಸಬಹುದು, ಏಕೆಂದರೆ ಬೆಲ್ಲ ಕಾಯಿಸುವ ಒಲೆಯ ಮುಂದೆ ರಾತ್ರಿ ಕಳೆಯುವ ಕೆಲಸಗಾರರಷ್ಟು ಕಥೆ ಬಲ್ಲವರು ಕಡಿಮೆ.

ಹೆಂಗಸರನ್ನು ಕಥೆ ಹೇಳಿ ಎಂದರೆ ಮೊದಲು ನಮಗೇನೂ ಬರುವುದಿಲ್ಲವೆನ್ನುತ್ತಾರೆ. ಸ್ವಸಹಾಯ ಸಂಘದ ಸಭೆಗೆ ಹೋಗಿ ಒಗಟಿನಿಂದ ಆರಂಭಿಸಿ. ಒಂದು ಒಗಟಿಗೆ ಇನ್ನೊಂದು ಒಗಟು ಬರುತ್ತದೆ, ಅಲ್ಲಿಂದ ಸೋಬಾನೆ ಪದ, ರಾಗಿ ಬೀಸುವ ಪದಗಳು ಬರುತ್ತವೆ, ಆ ಪದ ಕಲಿಸಿದ ಅತ್ತೆಯ ನೆನಪು ಬರುತ್ತದೆ, ಕಥೆ ಆಗಲೇ ಶುರುವಾಗಿರುತ್ತದೆ. ಮಕ್ಕಳಿಗೆ ಆ ಪದಗಳನ್ನು ಬರೆದುಕೊಳ್ಳುವ ಕೆಲಸ ಕೊಟ್ಟು, ಆ ನೋಟುಪುಸ್ತಕವನ್ನು ಗ್ರಂಥಾಲಯದ ಕಪಾಟಿನಲ್ಲಿ, ಹೇಳಿದವರ ಹೆಸರಿನೊಂದಿಗೆ, ಉಳಿದ ಪುಸ್ತಕಗಳ ಸಾಲಿನಲ್ಲಿಯೇ ಇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ತಂಬೂರಿಯ ನೀಲಗಾರರನ್ನು ಕರೆಸಬೇಕೆಂದಿದ್ದೇವೆ. ಕಾರ್ಯಕ್ರಮ ಪಟ್ಟಿಯಲ್ಲಿ ಹತ್ತು ನಿಮಿಷ ಸಿಗುತ್ತದೆ. ಸಾಕೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಮೈಸೂರು

ಉತ್ತರ: ಸಾಲದು. ಇಡೀ ಕಾವ್ಯವನ್ನು ಹಾಡಲು ಅವರಿಗೆ ಹಲವು ರಾತ್ರಿಗಳು ಬೇಕು. ಒಂದು ಪ್ರಸಂಗವನ್ನು ಆರಂಭಿಸಿ, ಕೇಳುವವರನ್ನು ಹದಕ್ಕೆ ತಂದು, ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಹೋಗಿ ಬರಲು ಕನಿಷ್ಠ ಒಂದು ಗಂಟೆಯಾದರೂ ಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ಅವರ ವೇಷ, ತಂಬೂರಿಗಳನ್ನು ನೋಡಬಹುದೇ ಹೊರತು ಕಥೆಯನ್ನು ಕೇಳಲಾಗದು. ನವೆಂಬರ್ ಒಂದನೆಯ ತಾರೀಖಿನ ಗಡಿಬಿಡಿಯನ್ನು ಬಿಟ್ಟು, ಬೇರೊಂದು ಸಂಜೆಯನ್ನು ಪೂರ್ತಿಯಾಗಿ ಅವರಿಗೇ ಕೊಡಿ ಎಂದು ಪ್ರಾರ್ಥಿಸುತ್ತೇನೆ.

ನೀಲಗಾರರಿಗೆ ಇದು ದೀಕ್ಷೆ ಪಡೆದು ನಡೆಸಿಕೊಂಡು ಬಂದ ವ್ರತವೂ ಹೌದು. ಆದ್ದರಿಂದ ಎಲ್ಲಿ ಕೂರಬೇಕು, ಮೊದಲು ಏನು ನಡೆಯಬೇಕು, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದನ್ನು ಅವರನ್ನೇ ಕೇಳಿ ಹಾಗೆಯೇ ಏರ್ಪಾಡು ಮಾಡಿ. ಸಂಭಾವನೆಯ ಮೊತ್ತವನ್ನು ಮೊದಲೇ ಮಾತನಾಡಿಕೊಂಡು, ಹಿಮ್ಮೇಳದವರನ್ನೂ ಲೆಕ್ಕಕ್ಕೆ ಸೇರಿಸಿ, ಕಾರ್ಯಕ್ರಮ ಮುಗಿದ ಕೂಡಲೇ ಕೈಗೆ ಕೊಡಿ. ಹೋಗಿ ಬರುವ ವಾಹನ ಮತ್ತು ಊಟದ ಖರ್ಚು ಇದರಿಂದ ಹೊರಗಿರಲಿ. ಫ್ಲೆಕ್ಸು, ಹೂವಿನ ಅಲಂಕಾರಗಳಿಗೆ ಸಾವಿರಗಟ್ಟಲೆ ಕೊಟ್ಟು, ಕಲಾವಿದರ ಬಳಿ ಚೌಕಾಸಿ ಮಾಡುವ ಅಭ್ಯಾಸ ನಮ್ಮ ನಗರಗಳಲ್ಲಿ ಬೆಳೆದಿರುವುದು ನನಗೆ ನಿಜವಾಗಿಯೂ ನೋವು ತರುತ್ತದೆ. ಚಿತ್ರೀಕರಣ ಮಾಡಿ ಯೂಟ್ಯೂಬಿಗೆ ಹಾಕುವುದಾದರೆ ಅವರ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳಬೇಕು.

ಕಥೆ ಆರಂಭವಾಗುವ ಮುನ್ನ ನಿಮ್ಮವರೊಬ್ಬರು ಹಿನ್ನೆಲೆಯನ್ನು ಐದು ನಿಮಿಷ ವಿವರಿಸುವುದು ಉಪಯುಕ್ತ: ಮಂಟೇಸ್ವಾಮಿ ಯಾರು, ಶಿಷ್ಯರಾದ ರಾಚಪ್ಪಾಜಿ, ಸಿದ್ದಪ್ಪಾಜಿಯವರು ಯಾರು, ಕಪ್ಪಡಿ ಮತ್ತು ಚಿಕ್ಕಲ್ಲೂರಿನ ಜಾತ್ರೆಗಳಿಗೂ ಈ ಕಥೆಗೂ ಏನು ಸಂಬಂಧ ಎಂಬಿಷ್ಟು ತಿಳಿದರೆ ಹೊರರಾಜ್ಯದಿಂದ ಬಂದು ನಿಮ್ಮ ಕಟ್ಟಡದಲ್ಲಿ ನೆಲೆಸಿರುವವರೂ ಕೂತು ಕೇಳುತ್ತಾರೆ.

ಪ್ರಶ್ನೆ: ಕವಿತೆಯ ಬದಲು ಜನ ತಮ್ಮ ಜೀವನದ ನಿಜ ಘಟನೆಗಳನ್ನೇ ಹೇಳುವ ಕೂಟ ಮಾಡಬೇಕೆಂದಿದ್ದೇವೆ. ಯಾರಾದರೂ ಮನೆಯ ಜಗಳವನ್ನೆಲ್ಲ ಹೇಳಿಬಿಟ್ಟರೆ, ಅತ್ತುಬಿಟ್ಟರೆ ಹೇಗೆ ಎಂಬ ಭಯವಿದೆ.
— ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಭಯ ಸಹಜವಾದುದು. ನ್ಯೂಯಾರ್ಕಿನಲ್ಲಿ 1997ರಲ್ಲಿ ಕಾದಂಬರಿಕಾರ ಜಾರ್ಜ್ ಡಾಸ್ ಗ್ರೀನ್ ಅವರು ‘ದಿ ಮಾತ್’ ಎಂಬ ಕೂಟವನ್ನು ಆರಂಭಿಸಿದಾಗಿನಿಂದ ಸ್ವಂತ ಬದುಕಿನ ಕಥೆಯನ್ನು ಕಾಗದವಿಲ್ಲದೆ ಹೇಳುವ ಪದ್ಧತಿ ಅನೇಕ ದೇಶಗಳಿಗೆ ಹರಡಿದೆ. ಅದು ಹೆಚ್ಚಾಗಿ ನಡೆಯುವುದು ಒಬ್ಬರಿಗೊಬ್ಬರು ಅಪರಿಚಿತರಾಗಿರುವ ಮಹಾನಗರಗಳಲ್ಲಿ. ಶ್ರೀರಂಗಪಟ್ಟಣದಂತಹ ಊರಿನಲ್ಲಿ ಹೆಸರು ಹೇಳದಿದ್ದರೂ ‘ನಮ್ಮ ಭಾವನವರು’ ಎಂದ ಕೂಡಲೇ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಮೊದಲ ಕೆಲವು ಕೂಟಗಳಿಗೆ ಮನೆಯೊಳಗಿನ ವಿಷಯಗಳನ್ನು ಬಿಟ್ಟು ಊರಿನ ವಿಷಯಗಳನ್ನು ಕೊಡಿ.

ನಿಮ್ಮ ಸುತ್ತ ಅಂತಹ ವಿಷಯಗಳಿಗೆ ಕೊರತೆಯಿಲ್ಲ. ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್. ಅಣೆಕಟ್ಟಿನ) ಕೆಲಸ 1911ರಲ್ಲಿ ಆರಂಭವಾಗಿ ನೀರು ತುಂಬುತ್ತ ಬಂದಂತೆ ಹಳೆಯ ಕನ್ನಂಬಾಡಿಯೂ ಸೇರಿದಂತೆ ಊರುಗಳು ಮುಳುಗಿದವು. ಎದ್ದು ಬಂದ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಕೇಳಿದ ಮಾತುಗಳನ್ನು ನೆನಪಿಟ್ಟುಕೊಂಡಿದ್ದಾರೆ. ನಾಲೆಯ ನೀರು ಮೊದಲು ಬಂದಾಗ ಹಿರಿಯರು ಏನು ಮಾಡಿದರು, 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸಿದ ರಾತ್ರಿಗಳು ಹೇಗಿದ್ದವು, 1938ರ ಶಿವಪುರದ ಧ್ವಜ ಸತ್ಯಾಗ್ರಹದ ಬಗ್ಗೆ ಮನೆಯಲ್ಲಿ ಏನು ಹೇಳುತ್ತಿದ್ದರು ಎಂಬಂತಹ ಪ್ರಶ್ನೆಗಳನ್ನು ಹಿಂದಿನ ತಿಂಗಳೇ ಪ್ರಕಟಿಸಿ. ಒಬ್ಬರ ನೆನಪನ್ನು ಇನ್ನೊಬ್ಬರು ತಿದ್ದುತ್ತಾರೆ, ತುಂಬುತ್ತಾರೆ. ಅದನ್ನು ತಡೆಯಬೇಡಿ.

ಯಾರಾದರೂ ಅತ್ತರೆ ಅಳಲು ಬಿಡಿ. ನಿರೂಪಕರು ಕೂಡಲೇ ಮೈಕು ಹಿಡಿದು ಸಮಾಧಾನದ ಭಾಷಣ ಮಾಡುವುದಕ್ಕಿಂತ ಪಕ್ಕದವರು ಒಂದು ಲೋಟ ನೀರು ಕೊಟ್ಟರೆ ಸಾಕು. ಕೂಟದಲ್ಲಿ ಕೇಳಿದ್ದನ್ನು ಹೊರಗೆ ಆಡಿಕೊಳ್ಳಬಾರದು, ಮೊಬೈಲಿನಲ್ಲಿ ದಾಖಲಿಸಬಾರದು ಎಂಬ ಮಾತನ್ನು ಪ್ರತಿ ಬಾರಿಯೂ ಆರಂಭದಲ್ಲಿಯೇ ಹೇಳಿ.

ಪ್ರಶ್ನೆ: ಪ್ರಸಿದ್ಧ ಕವಿಗಳ ಕವಿತೆಗಳನ್ನು ಸಭೆಯಲ್ಲಿ ಓದಲು ಅನುಮತಿ ಬೇಕೇ? ಮೈಕಿಗೆ?
— ಮದ್ದೂರಿನ ಓದುಗರು

ಉತ್ತರ: ಪ್ರಕಟವಾದ ಕೃತಿಯಿಂದ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿಯೇ ಅವಕಾಶವಿದೆ. ಆದರೆ ಅದನ್ನು ರಾಗ ಹಾಕಿ ದಾಖಲಿಸಿ ಅಂತರ್ಜಾಲಕ್ಕೆ ಏರಿಸುವುದು ಬೇರೆಯ ಮಾತು, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಕವಿತೆಗಳು ಈಗ ಎಲ್ಲರ ಸ್ವತ್ತು. ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಇದೆ. ಯಾರದೇ ಕವಿತೆಯಾದರೂ ಹೆಸರು ಹೇಳಿಯೇ ಓದಿ.

ಬಯಲಿನಲ್ಲಿ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಳಸುವಂತಿಲ್ಲ. ಐವತ್ತು ಜನರ ಒಳಗಿನ ಕೂಟಕ್ಕೆ ಮೈಕೇ ಬೇಡವೆಂಬುದು ನನ್ನ ಅಭಿಪ್ರಾಯ. ಮೈಕಿಲ್ಲದಿದ್ದರೆ ಜನ ಹತ್ತಿರ ಹತ್ತಿರ ಕೂರುತ್ತಾರೆ.

ಪ್ರಶ್ನೆ: ನಮ್ಮ ಮೊಹಲ್ಲಾದಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಮಾತನಾಡುವ ಮನೆಗಳು ಬೆರೆತಿವೆ. ಕನ್ನಡದ ಕೂಟಕ್ಕೆ ಅವರನ್ನೆಲ್ಲ ಹೇಗೆ ಕರೆಯುವುದು? ಕರೆದರೆ ಕನ್ನಡ ಹಿಂದೆ ಸರಿಯುವುದಿಲ್ಲವೇ?
— ಹೊಲಿಗೆ ಕೆಲಸದವರು, ಮೈಸೂರು

ಉತ್ತರ: ಹಿಂದೆ ಸರಿಯುವುದಿಲ್ಲ, ಕೂಟದ ನಿರೂಪಣೆ ಮತ್ತು ಮಾತುಕತೆ ಕನ್ನಡದಲ್ಲಿಯೇ ನಡೆಯುವವರೆಗೆ. ಪ್ರತಿ ಕೂಟದಲ್ಲಿ ಒಬ್ಬರು ಮಾತ್ರ ತಮ್ಮ ಮನೆಮಾತಿನಲ್ಲಿ ಒಂದು ಕವಿತೆಯನ್ನೋ ಜೋಗುಳವನ್ನೋ ಹೇಳಲಿ, ಆ ಬಳಿಕ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಆ ಅರ್ಥ ಹೇಳುವಾಗ ಅವರಿಗೆ ಪದ ಸಿಗದಿದ್ದರೆ ಸಭೆಯವರು ಕೊಡುತ್ತಾರೆ, ಮತ್ತು ಹೀಗೆ ಎಲ್ಲರೆದುರು ಕನ್ನಡದಲ್ಲಿ ಮಾತನಾಡುವ ಧೈರ್ಯ ಅನೇಕರಿಗೆ ಮೊದಲ ಬಾರಿಗೆ ಬರುವುದು ಇಲ್ಲಿಯೇ. ಆಮಂತ್ರಣವನ್ನು ವಾಟ್ಸಾಪಿನಲ್ಲಿ ಕಳುಹಿಸಿ ಸುಮ್ಮನಾಗದೆ ಮನೆಮನೆಗೆ ಹೋಗಿ ಕರೆಯಿರಿ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ನಿಮ್ಮ ಬಳಿಗೆ ಎಲ್ಲ ಮನೆಯವರೂ ಬಟ್ಟೆ ತರುತ್ತಾರೆ; ಅಳತೆ ತೆಗೆದುಕೊಳ್ಳುವಾಗಲೇ ‘ಈ ಭಾನುವಾರ ಬನ್ನಿ, ನಿಮ್ಮ ಅಮ್ಮ ಹೇಳುತ್ತಿದ್ದ ಒಂದು ಹಾಡು ನೆನಪು ಮಾಡಿಕೊಂಡು ಬನ್ನಿ’ ಎಂದು ಹೇಳಿ. ರಂಜಾನ್ ತಿಂಗಳಲ್ಲಿ ಸಂಜೆಯ ಹೊತ್ತನ್ನು ಬದಲಿಸಿ, ಶುಕ್ರವಾರ ಮಧ್ಯಾಹ್ನವನ್ನು ಬಿಡಿ. ಮೊದಲ ಕೂಟಕ್ಕೆ ಹತ್ತು ಜನ ಬಂದರೂ ಆರಂಭಿಸಿಬಿಡಿ, ಎರಡನೆಯ ಕೂಟದ ದಿನಾಂಕವನ್ನು ಅಂದೇ ಹೇಳಿ ಕಳುಹಿಸಿ.